ಜೀಪಿನೊಳಗಿನ ನೆಂಟಸ್ತನ

ಮೊನ್ನೆ ಅಂಚೆಯವನು ಸೊಸೆಯ ಡ್ರೈವಿಂಗ್ ಲೈಸೆನ್ಸ್ ಕೊಟ್ಟು ಹೋದ. ಅಂಗೈಯಲ್ಲಿ ಹಿಡಿಯುವಷ್ಟು ಕಾರ್ಡು, ಇನ್ನೂ ಹೊಸ ಪ್ಲಾಸ್ಟಿಕ್ಕಿನ ವಾಸನೆ. ನನಗೆ ಓದು ಅಷ್ಟಕ್ಕಷ್ಟೇ. ಮಕ್ಕಳು ದೊಡ್ಡವರಾದ ಮೇಲೆ ಸಾಕ್ಷರತೆಯ ಕ್ಲಾಸಿನಲ್ಲಿ ಕಲಿತದ್ದು. ಹಾಗಾಗಿ ಅವಳೇ ಹೇಳಿದಳು.

"ಇದೊಂದಿದ್ರೆ ನಮ್ಮ ಕಾರೂ ಓಡಿಸ್ಬೋದು, ಬಾಡಿಗೆ ಜೀಪೂ ಓಡಿಸ್ಬೋದು ಅತ್ತೆ. ಮುಂಚಿನ ಥರ ಬ್ಯಾಡ್ಜು ಬೇಕಿಲ್ಲ. ಎಂಟನೇ ಕ್ಲಾಸ್ ಪಾಸಾಗಿರ್ಬೇಕು ಅಂತಿತ್ತಲ್ಲ, ಅದನ್ನೂ ತೆಗೆದವ್ರೆ."

"ಯಾವಾಗ ತೆಗೆದ್ರು?"

"ಆಗ್ಲೇ ಎಷ್ಟೋ ವರ್ಷ ಆಯ್ತು."

ಕಾರ್ಡನ್ನು ಅವಳ ಕೈಗೆ ಕೊಟ್ಟು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದೆ. ಹೋದ ಮೇಲೆ ನೋಡಿದರೆ ಕುಡುಗೋಲನ್ನೇ ತಂದಿರಲಿಲ್ಲ.

ನಮ್ಮೂರಲ್ಲಿ ಒಬ್ಬ ಜೀಪಿನವನಿದ್ದ. ನಮ್ಮೂರು ಅಂಬಾಜಿದುರ್ಗದ ಬೆಟ್ಟದ ಮಗ್ಗುಲಲ್ಲಿದೆ. ಆಗ ಬಸ್ಸು ಇರಲಿಲ್ಲ, ಡಾಂಬರೂ ಇರಲಿಲ್ಲ. ಕೆರೆಯಂಗಳ ದಾಟಿ, ಬಂಡೆಗಳ ಮೇಲೆ ಹತ್ತಿಳಿದು ಹೋಗಬೇಕು. ಅಂಥ ದಾರಿಗೆ ಅವನ ಉದ್ದನೆಯ ಜೀಪೇ ಗತಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತವಿದ್ದ ಗಾಡಿ ಅದು. ಕಾಗದದ ಪ್ರಕಾರ ಹತ್ತು ಸೀಟು, ನಾವು ಕೂರುತ್ತಿದ್ದದ್ದು ಹದಿನೈದು ಜನ.

ಗಾಡಿ ಬಿಳಿ ಬೋರ್ಡಿನದು, ಅಂದರೆ ಸ್ವಂತಕ್ಕೆ. ಮನೆಯವರನ್ನು, ನೆಂಟರನ್ನು ಕೂರಿಸಿಕೊಳ್ಳಬಹುದು, ಬಾಡಿಗೆಗೆ ಓಡಿಸುವಂತಿಲ್ಲ. ಓಡಿಸಬೇಕೆಂದರೆ ಗಾಡಿಗೆ ಹಳದಿ ಬೋರ್ಡು ಬೇಕು, ಅವನಿಗೆ ಬ್ಯಾಡ್ಜು ಬೇಕು. ಬ್ಯಾಡ್ಜಿಗೆ ಎಂಟನೇ ಕ್ಲಾಸು ಪಾಸಾಗಿರಬೇಕು. ಅವನು ಓದಿದ್ದು ಆರು. ಹೋಗಿ ಕೇಳಿ ಬಂದಿದ್ದ, ಆಗಲ್ಲ ಅಂದಿದ್ದರು.

ಅದಕ್ಕೆ ಅವನು ಒಂದು ದಾರಿ ಕಂಡುಕೊಂಡಿದ್ದ. ಜೀಪು ಹತ್ತಿದ ಕೂಡಲೇ ಎಲ್ಲರಿಗೂ ಒಂದೊಂದು ನೆಂಟಸ್ತನ ಹಂಚುತ್ತಿದ್ದ. ನೀವು ದೊಡ್ಡಪ್ಪ, ನೀನು ಭಾವ, ಇವಳು ನಾದಿನಿ... ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಕೇಳಿದರೆ ಹಾಗೇ ಹೇಳಬೇಕು. ಚಿಂತಾಮಣಿಗೆ ಹೋಗುವವರೆಗೂ ಅದೇ ತಮಾಷೆ. ತೆಲುಗು ಮಾತಾಡುವ ಒಬ್ಬ ಮುದುಕನಿದ್ದ. ಅವನಿಗೆ ಯಾವಾಗಲೂ ಮಾವನ ಪಾತ್ರ.

"ಏಮಿರಾ ಅಲ್ಲುಡೂ, ಮಾವಂಗೆ ಕಿಟಕಿ ಪಕ್ಕ ಬಿಡಲ್ವೇನೋ?"

"ಮಗಳ್ನ ಕೊಡದಿರೋ ಮಾವಂಗೆ ಹಿಂದಿನ ಸೀಟೇ ಜಾಸ್ತಿ, ಸರ್ಕೊಳಪ್ಪ."

ನನ್ನದು ಸೋದರತ್ತೆ. ಜೀಪಿನೊಳಗೆ ಮಾತ್ರ ನನ್ನನ್ನು ಅತ್ತೆ ಅನ್ನುತ್ತಿದ್ದ, ಇಳಿದ ಮೇಲೆ ಅಮ್ಮಾ. ಯಾಕೆಂದರೆ ಅವನ ಕೇರಿ ಬೇರೆ, ನಮ್ಮದು ಬೇರೆ. ನಮ್ಮ ಮನೆಯಲ್ಲಿ ಅವನಿಗೆ ಪೇಪರ್ ಲೋಟದಲ್ಲಿ ಕಾಫಿ. ಅವನಿಗೆಂದೇ ಒಂದು ಕಟ್ಟು ತಂದಿಟ್ಟಿದ್ದೆ. ಅದನ್ನು ದೊಡ್ಡ ಮರ್ಯಾದೆ ಅಂದುಕೊಂಡಿದ್ದೆ.

ಕೆಲಸದಲ್ಲಿ ಅವನನ್ನು ಬೈಯುವಂತಿರಲಿಲ್ಲ. ರೇಷ್ಮೆ ಗೂಡನ್ನು ಒತ್ತಿ ತುಂಬಿದರೆ ಬೆವರುತ್ತದೆ, ಕಲೆಯಾಗುತ್ತದೆ, ಹರಾಜಿನಲ್ಲಿ ಯಾರೂ ಮುಟ್ಟುವುದಿಲ್ಲ. ಬೇರೆ ಗಾಡಿಯವರು ಚೀಲದ ಮೇಲೆ ಚೀಲ ಎಸೆಯುತ್ತಿದ್ದರು. ಇವನು ಮೇಲೆ ಹತ್ತಿ ಒಂದರ ಪಕ್ಕ ಒಂದು ಇಟ್ಟು, ಹಗ್ಗವನ್ನು ಸಡಿಲವಾಗಿ ಕಟ್ಟುತ್ತಿದ್ದ. ಬಂಡೆ ಮೇಲಿಂದ ಗಾಡಿ ಇಳಿಸುವಾಗ ನಮ್ಮ ಸೊಂಟ ಮುರಿದರೂ ಗೂಡು ಅಲ್ಲಾಡುತ್ತಿರಲಿಲ್ಲ.

ಒಂದು ದಿನ ಹಾಗೇ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿಕೊಂಡು ಹೊರಟಿದ್ದೆವು. ದೊಡ್ಡ ರಸ್ತೆಗೆ ಬಂದ ಕೂಡಲೇ ಒಬ್ಬ ಅಧಿಕಾರಿ ಕೈ ಅಡ್ಡ ಹಿಡಿದರು. ಲೈಸೆನ್ಸ್ ನೋಡಿದರು, ಒಳಗೆ ಇಣುಕಿದರು.

"ಇವ್ರೆಲ್ಲಾ ಯಾರೋ?"

"ನಮ್ಮ ನೆಂಟ್ರು ಸಾರ್. ಗೌರಿಬಿದನೂರಿಗೆ ಹೆಣ್ಣು ನೋಡೋಕೆ ಹೊರಟಿದ್ದೀವಿ."

"ಮೇಲೆ ಗೂಡಿನ ಚೀಲ ಯಾಕೆ? ಹೆಣ್ಣಿಗೆ ಮಡಿಲು ತುಂಬೋಕಾ?"

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಬಿಟ್ಟುಬಿಡುತ್ತಾರೆ ಅನ್ನಿಸಿತು. ಆಮೇಲೆ ಪುಸ್ತಕ ತೆಗೆದು, ಪೆನ್ನು ಬಿಚ್ಚಿ, ನನ್ನ ಕಡೆ ತಿರುಗಿದರು.

"ನೀವ್ ಹೇಳಮ್ಮ, ದೊಡ್ಡೋರು. ಇವ್ನು ನಿಮಗೇನಾಗ್ಬೇಕು?"

ಅಳಿಯ ಅಂದರೆ ಮುಗಿಯುತ್ತಿತ್ತು. ಮೂರು ಅಕ್ಷರ. ವರ್ಷಗಟ್ಟಲೆ ಅತ್ತೆ ಅನ್ನಿಸಿಕೊಂಡು ನಕ್ಕವಳು ನಾನು. ಆದರೆ ಅವರು ಬರೆದುಕೊಳ್ಳಲು ನಿಂತಿದ್ದರು. ಪಕ್ಕದಲ್ಲಿ ನಮ್ಮ ಜನದ ಹೆಂಗಸರಿಬ್ಬರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಗುವಾಗ ಆಗಿದ್ದ ಅತ್ತೆ ಕಾಗದದ ಮೇಲೆ ಆಗಲಾರದೆ ಹೋದಳು.

"ಏನೂ ಆಗಲ್ಲ ಸಾರ್. ಅವ್ರ ಜನಾನೇ ಬೇರೆ, ನಮ್ಮ ಜನಾನೇ ಬೇರೆ."

ಅಧಿಕಾರಿ ಬರೆದುಕೊಂಡರು. ಅವನು ನನ್ನ ಕಡೆ ನೋಡಲಿಲ್ಲ. ಮೇಲೆ ಹತ್ತಿ ನನ್ನ ಚೀಲಗಳನ್ನೇ ಮೊದಲು ಬಿಚ್ಚಿ, ಒಂದೊಂದಾಗಿ ಇಳಿಸಿ, ಹುಣಸೆಮರದ ಕೆಳಗೆ ಸಾಲಾಗಿ ಇಟ್ಟ.

"ಬಿಸಿಲು ಈ ಕಡೆ ತಿರುಗೋದ್ರೊಳಗೆ ಬೇರೆ ಗಾಡಿ ನೋಡ್ಕೊಳಿ ಅಮ್ಮಾ," ಅಂದ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಒಂದು ಟೆಂಪೋ ಸಿಕ್ಕಿತು. ನಾನು ಹರಾಜಿಗೆ ಸರಿಯಾಗಿ ತಲುಪಿದೆ. ಜೀಪು ಠಾಣೆಯ ಹಿಂದೆ ಬಿಸಿಲು ಮಳೆಗೆ ನಿಂತಿತು. ಲೈಸೆನ್ಸನ್ನೂ ಕೆಲವು ತಿಂಗಳು ತಡೆಹಿಡಿದರಂತೆ. ಕೊನೆಗೆ ಬಿಡಿಸಿಕೊಂಡು ಬಂದವನು ಜೀಪನ್ನು ಕಳವಾರ ಅನ್ನುವ ಊರಿನವರಿಗೆ ಮಾರಿಬಿಟ್ಟ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಬಾಕ್ಸು ಹೊರಲು ಸೇರಿದ. ಸ್ಟೀರಿಂಗ್ ಹಿಡಿದಿದ್ದ ಕೈ... ಬೇರೆಯವರ ಗಾಡಿ ಓಡಿಸಲು ಕೂಡ ಹೋಗಲಿಲ್ಲ ಅಂತ ಕೇಳಿದೆ.

ಊರಿನಲ್ಲಿ ಎದುರಾದರೆ ಅವನು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ನಾನು ಹೋಗುತ್ತಿದ್ದೆ. ಹೋದ ವರ್ಷ ಎದೆನೋವು ಬಂದು ತೀರಿಕೊಂಡ. ಅವನ ಮನೆಗೆ ನಮ್ಮ ತೋಟದ ಬೇಲಿಯಿಂದ ಕೂಗಿದರೆ ಕೇಳಿಸುತ್ತದೆ. ಅಳು ಕೇಳಿಸಿತು. ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ, ಹಾಕಿ ಮುಗಿಸಿದೆ. ಹೋಗಲಿಲ್ಲ.

ಸೊಸೆ ಹೇಳಿದ್ದನ್ನು ಕೇಳಿದ ಮೇಲೆ ನೆನೆಸಿಕೊಂಡು ನೋಡಿದೆ. ಎಂಟನೇ ಕ್ಲಾಸಿನ ನಿಯಮ ತೆಗೆದಾಗ ಅವನು ಬದುಕಿಯೇ ಇದ್ದ. ಮಂಡಿಯಲ್ಲಿ ಬಾಕ್ಸು ಹೊರುತ್ತಿದ್ದ. ಒಂದು ಹಳದಿ ಬೋರ್ಡು ಮಾಡಿಸಿಕೊಂಡಿದ್ದರೆ ಸಾಕಿತ್ತು, ಯಾರಿಗೂ ಯಾರನ್ನೂ ನೆಂಟರು ಅನ್ನುವ ಕಷ್ಟವಿರಲಿಲ್ಲ.

ನಿನ್ನೆ ರೇಷನ್ ಅಂಗಡಿಯ ಸಾಲಿನಲ್ಲಿ ಅವನ ಹೆಂಡತಿ ನನ್ನ ಹಿಂದೆ ನಿಂತಿದ್ದಳು. ನಾನೇ ಮಾತು ತೆಗೆದೆ. ಬ್ಯಾಡ್ಜಿನ ನಿಯಮ ತೆಗೆದಿದ್ದರಂತೆ ಕಣಮ್ಮ, ನಿನ್ನ ಗಂಡ ಓಡಿಸಬಹುದಿತ್ತಂತೆ ಅಂದೆ.

"ಗೊತ್ತಿತ್ತು ಅವ್ರಿಗೆ," ಅಂದಳು. "ಯಾರೋ ಬಂದು ಹೇಳಿದ್ರು. ಆಗ್ಲೇ ಜೀಪ್ ಮಾರಾಗಿತ್ತಲ್ಲ."

ಅವತ್ತು ರಸ್ತೆಯಲ್ಲಿ ನಾನು ಏನಂದೆ ಅನ್ನುವುದು ಇವಳಿಗೆ ಗೊತ್ತೋ ಇಲ್ಲವೋ. ಹೇಳಿಬಿಡೋಣ ಅಂತ ಬಾಯಿ ತೆಗೆದೆ.

"ಹೋಗಿ ಅಮ್ಮಾ, ನಿಮ್ಮ ಸರದಿ ಬಂತು. ಹಿಂದೆ ಜನ ಕಾಯ್ತಾವ್ರೆ."

ಹೋಗಿ ಹೆಬ್ಬೆಟ್ಟು ಒತ್ತಿದೆ. ಮೆಷಿನ್ನು ಹಿಡಿಯಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದೆ.