ಮ್ಯೂಸಿಕಲ್ ಚೇರ್‌ಗೆ ನನ್ನ ಹೆಸರು

ಕೇಳ್ರಪ್ಪಾ, ಇವತ್ತು ಶಿಕಾರಿಪುರದ ನಮ್ಮ ಶಾಲೆ ಸ್ಟಾಫ್ ರೂಮಿನಲ್ಲಿ ಒಬ್ಬ ಟೆನಿಸ್ ಚಾಂಪಿಯನ್ನಿನ ಹಣೆಬರಹ ತೀರ್ಮಾನವಾಯಿತು. ಮೂವತ್ತು ದಾಟದ ಗಣಿತದ ಮೇಷ್ಟ್ರು ಮೊಬೈಲಿನಲ್ಲಿ ಅವಳು ಸೋತ ಸುದ್ದಿ ನೋಡುತ್ತಾ ಹೇಳಿದರು: "ಈ ವಯಸ್ಸಲ್ಲಿ ಇವಳು ಮತ್ತೆ ನಂಬರ್ ಒನ್ ಆಗೋದು ಕನಸು. ಮರ್ಯಾದೆಯಿಂದ ಬಿಡೋದು ಒಳ್ಳೇದು."

ಹಾಗೇ ನನ್ನ ಕಡೆ ತಿರುಗಿ, "ಮೇಡಂ, ನೌಕರರ ಕ್ರೀಡಾಕೂಟದಲ್ಲಿ ನಿಮ್ಮ ಹೆಸರು ಮ್ಯೂಸಿಕಲ್ ಚೇರ್‌ಗೆ ಬರ್ದೀನ್ರಿ" ಅಂದರು.

ಸೊರಬದ ಶಾಲೆಯಲ್ಲಿದ್ದಾಗ ರಿಂಗ್ ಎಸೆಯೋ ಟೆನಿಕಾಯ್ಟ್‌ನಲ್ಲಿ ನಾಲ್ಕು ವರ್ಷ ನಾನೇ ಫಸ್ಟ್. ಈಗ ಐವತ್ತೇಳು. ಮೊಣಕಾಲು ನೋಯುತ್ತೆ, ಸುಳ್ಳು ಹೇಳಲ್ಲ.

"ಅದನ್ನ ಹೊಡೆದು ಹಾಕ್ರೀ ಸರ್. ಟೆನಿಕಾಯ್ಟ್ ಅಂತ ಬರೀರಿ."

"ಮೇಡಂ, ವಯಸ್ಸು..."

"ಬರ್ರಿ ಮೈದಾನಕ್ಕೆ."

ಸೆರಗು ಸೊಂಟಕ್ಕೆ ಸಿಕ್ಕಿಸಿ ರಿಂಗ್ ಎತ್ತಿಕೊಂಡೆ. ಒಂದು ಸಲ ನೆಟ್ಟಿನ ಹತ್ತಿರಕ್ಕೆ ಎಸೆದೆ, ಇನ್ನೊಂದು ಸಲ ಹಿಂದಿನ ಗೆರೆಗೆ. ನಾನು ನಿಂತಲ್ಲೇ ಇದ್ದೆ, ಓಡಿದ್ದೆಲ್ಲ ಆಚೆ ಕಡೆ ನಿಂತ ಮೇಷ್ಟ್ರು. ಹತ್ತು ಪಾಯಿಂಟ್ ಆಗುವಷ್ಟರಲ್ಲಿ ಏದುಸಿರು ಬಿಡುತ್ತಾ ಸೊಂಟ ಹಿಡಿದುಕೊಂಡರು.

ಆ ಚಾಂಪಿಯನ್ ಮತ್ತೆ ಮೊದಲ ಸ್ಥಾನಕ್ಕೆ ಏರುತ್ತಾಳೋ ಇಲ್ಲವೋ, ಸಾಕು ಅನ್ನೋದನ್ನ ಅವಳೇ ಹೇಳಲಿ. ನಾನಂತೂ ಇನ್ನೂ ಹೇಳಿಲ್ಲ.

ಸ್ಟಾಫ್ ರೂಮಿನಿಂದ ಒಂದು ಕುರ್ಚಿ ತಂದು ಮೇಷ್ಟ್ರ ಹಿಂದೆ ಹಾಕಿದೆ.

"ಮ್ಯೂಸಿಕ್ ನಿಂತಿದೆ ಸರ್, ಕೂತ್ಕೊಳ್ರಿ."