ಲೇತಿನ ಹಣೆಯ ವಿಭೂತಿ

ಭಾನುಪ್ರಕಾಶರ ಕೈಗೆ ಸಿಕ್ಕ ಯಾವ ಕಬ್ಬಿಣವೂ ಕೊಳಕಾಗಿ ಉಳಿದ ಚರಿತ್ರೆಯಿಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ತಲೆ ನರೆಯುವವರೆಗೂ ಕಬ್ಬಿಣ ಕಡೆಯುವ ಲೇತ್ ಓಡಿಸಿದವರು. ಅವರು ಒರೆಸಿಟ್ಟ ಮಿಷಿನ್ನಿನ ಮೇಲೆ ಕೂತ ನೊಣಗಳು ಜಾರಿಬಿದ್ದು ಕಾಲು ಮುರಿದುಕೊಳ್ಳುತ್ತಿದ್ದವು. ಶಿಫ್ಟ್ ಮುಗಿಯುವ ಮುನ್ನ ಹತ್ತಿ ವೇಸ್ಟಿನ ಉಂಡೆಯನ್ನು ಸೀಮೆಎಣ್ಣೆಗೆ ಅದ್ದಿ ಒರೆಸದಿದ್ದರೆ ಅವರಿಗೆ ರಾತ್ರಿ ಅನ್ನ ಇಳಿಯುತ್ತಿರಲಿಲ್ಲ. "ನಾನು ಸ್ವಲ್ಪ ಅಲ್ಲಾಡದೆ ಕೂತ್ರೆ ನನ್ನೂ ಒರೆಸ್ಬಿಡ್ತಾರೆ ಕಣ್ರೀ" ಎಂದು ಹೆಂಡತಿ ಊರ್ಮಿಳಾ ಬಾಗಲಗುಂಟೆಗೆಲ್ಲ ಹೇಳಿಕೊಂಡು ಬಂದಿದ್ದರು.

ನಿವೃತ್ತರಾದ ಮೇಲೆ ಅವರು ಹೊತ್ತು ಕಳೆಯುತ್ತಿದ್ದುದು ಬಾಗಲಗುಂಟೆಯ ಎರಡು ಕೋಣೆಯ ಮ್ಯೂಸಿಯಮ್ಮಿನಲ್ಲಿ. ಪೀಣ್ಯದ ಮುಚ್ಚಿದ ಕಾರ್ಖಾನೆ ಶೆಡ್ಡುಗಳಿಂದ ಬಂದ ಟಿಫನ್ ಕ್ಯಾರಿಯರುಗಳು, ಹಾಜರಿಯ ಪಂಚಿಂಗ್ ಗಡಿಯಾರ, ದನಿ ಸತ್ತ ಸೈರನ್ನು ಅಲ್ಲಿದ್ದವು. ಆ ಸೈರನ್ನು ಕೂಗುತ್ತಿದ್ದ ಕಾಲದಲ್ಲಿ ಮಾಕಳಿಯ ಹುಂಜಗಳೆಲ್ಲ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದವು. ತಿಂಗಳಿಗೊಂದು ಭಾನುವಾರ ಸಾಮಾನು ಕೊಟ್ಟವರನ್ನೇ ಕರೆಸಿ ಅದರ ಕಥೆ ಹೇಳಿಸುವುದು, ಬಂದವರಿಗೆ ಉಪ್ಪಿಟ್ಟು ಹಂಚುವುದು ಪದ್ಧತಿ. ಮ್ಯೂಸಿಯಂ ನೋಡಿಕೊಳ್ಳುವ ದಾವಣಗೆರೆ ಕಡೆಯ ಸೌಮ್ಯಾಳದು ಒಂದೇ ಅಪ್ಪಣೆ: "ಸಾಮಾನು ಬಂದಂಗೇ ಇರ್ಬೇಕು, ಸಾರ್."

ಆ ತಿಂಗಳು ಬಂದದ್ದು ಮಾಕಳಿಯ ಗಂಗಮ್ಮ ಕೊಟ್ಟ ಸಣ್ಣ ಲೇತು. ಆಕೆಯ ಗಂಡ ಪಂಚಾಕ್ಷರಿ ಒಂಟಿ ಶೆಡ್ಡಿನಲ್ಲಿ ಅದೊಂದನ್ನೇ ನಂಬಿ ಸಂಸಾರ ತೂಗಿಸಿದವರು. ಕಳೆದ ಆಯುಧಪೂಜೆಗೆ ಅದರ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕುಂಕುಮವಿಟ್ಟವರು ದೀಪಾವಳಿಗೆ ಇರಲಿಲ್ಲ. ಆ ಬೆರಳ ಗುರುತು ಉಳಿಯಲಿ ಎಂದೇ ಗಂಗಮ್ಮ ಲೇತನ್ನು ಗುಜರಿಗೆ ಹಾಕದೆ ಇಲ್ಲಿಗೆ ಕಳಿಸಿದ್ದು. ಅದನ್ನು ಆಕೆ ಹೇಳಿದ್ದು ಸೌಮ್ಯಾಳಿಗೆ. ಭಾನುಪ್ರಕಾಶರಿಗೆ ಕಂಡದ್ದು ಬರೀ ಜಿಡ್ಡು.

ಶನಿವಾರ ಮಧ್ಯಾಹ್ನ ಸೌಮ್ಯಾ ಊಟಕ್ಕೆ ಹೋದಳು. ನಾಳೆ ನಾಲ್ಕು ಜನ ಬರುತ್ತಾರೆ, ಈ ಬಡಪಾಯಿ ಹೀಗೆ ನಿಲ್ಲುವುದೇ? ಭಾನುಪ್ರಕಾಶರ ಕೈ ಅಪ್ಪಣೆ ಕೇಳಲಿಲ್ಲ. ಸೌಮ್ಯಾ ಮರಳುವಷ್ಟರಲ್ಲಿ ಲೇತಿನ ಹೊಳಪು ಜಾಲಹಳ್ಳಿ ಕ್ರಾಸಿನವರೆಗೂ ಕಣ್ಣು ಕುಕ್ಕುತ್ತಿತ್ತು.

"ವಿಭೂತಿ ಎಲ್ಲಿ ಸಾರ್?"

ಅವಳು ವಿಷಯ ಹೇಳಿದಾಗ ಭಾನುಪ್ರಕಾಶರು ಲೇತಿನ ಹಣೆಗೆ ಬಗ್ಗಿ ಗೆರೆ ಹುಡುಕಿದರು. "ಮತ್ತೆ ಮೂರು ಗೆರೆ ಎಳೆದು, ಊದುಬತ್ತಿ ಹೊಗೆ ಹಿಡಿಸಿದ್ರೆ ಯಾರಿಗಮ್ಮಾ ಗೊತ್ತಾಗತ್ತೆ?" ಎಂದರು.

"ಬೆರಳು ಯಾರದು ಸಾರ್?"

ಅವರು ತಮ್ಮ ಬೆರಳು ನೋಡಿಕೊಂಡರು. ಮಡಿಸಿಕೊಂಡರು.

ಭಾನುವಾರ ಉಪ್ಪಿಟ್ಟಿನ ತಟ್ಟೆಗಳು ಹೊರಡುವ ಮುಂಚೆಯೇ ಭಾನುಪ್ರಕಾಶರು ಎದ್ದು ನಿಂತು, "ಗಂಗಮ್ಮನೋರೆ, ಒರೆಸ್ಬಿಟ್ಟೆ. ತಪ್ಪು ನಂದು" ಎಂದರು. ಗಂಗಮ್ಮ ಲೇತಿನ ಹಣೆಯನ್ನು ಅಂಗೈಯಲ್ಲಿ ಸವರಿದರು. ಮತ್ತೆ ಸವರಿದರು.

"ಯಾತ್ರಲ್ಲಿ ಒರೆಸಿದ್ರಿ?"

"ವೇಸ್ಟಲ್ಲಿ."

"ಅದೆಲ್ಲೈತೆ?"

ಎಣ್ಣೆ ಕುಡಿದ ವೇಸ್ಟನ್ನು ಕಾರ್ಖಾನೆಯವರು ಕಂಡಲ್ಲಿ ಎಸೆಯುವುದಿಲ್ಲ. ಬೆಂಕಿಯ ಭಯಕ್ಕೆ ಮುಚ್ಚಳದ ಡಬ್ಬಿಗೆ ಹಾಕುತ್ತಾರೆ. ಭಾನುಪ್ರಕಾಶರು ಡಬ್ಬಿ ತಂದರು. ಗಂಗಮ್ಮ ಉಂಡೆ ಬಿಡಿಸಿದರು. ಕರಿ ಜಿಡ್ಡಿನ ನಡುವೆ ಬೂದಿ ಬಣ್ಣ, ಒಂದು ಕೆಂಪು ಕಲೆ. ಮೂಗಿನ ಹತ್ತಿರ ಹಿಡಿದು ಮೂಸಿದರು.

"ಅವ್ರ ಅಂಗಿ ಇಂಗೇ ನಾರ್ತಿತ್ತು. ದಿನಾ ಬೈತಿದ್ದೆ," ಎಂದರು. ಆಮೇಲೆ, "ಬೆರಳು ಓಯ್ತು. ವಾಸ್ನೆ ಐತೆ. ಇದ್ನ ಬಿಸಾಕ್ಬೇಡಿ." ಭಾನುಪ್ರಕಾಶರ ಕಡೆ ತಿರುಗಿ, "ತೊಳೀಲೂಬೇಡಿ ಕಣಣ್ಣ."

ಈಗ ಲೇತಿನ ಪಕ್ಕ ಒಂದು ಗಾಜಿನ ಭರಣಿಯಿದೆ, ಒಳಗೆ ಆ ಉಂಡೆ. ಮುಚ್ಚಳ ತೆಗೆಯುವ ಹಕ್ಕು ಗಂಗಮ್ಮನವರೊಬ್ಬರಿಗೇ. ಆಕೆ ಬಂದು ತೆಗೆದಾಗ ಪೀಣ್ಯದ ಒಂದು ಇಡೀ ಶಿಫ್ಟೇ ಮೈಗೆ ಎಣ್ಣೆ ಮೆತ್ತಿಕೊಂಡು ಹೊರಬಂದು ಕೋಣೆ ತುಂಬಿಕೊಳ್ಳುತ್ತದೆ. ಭಾನುಪ್ರಕಾಶರು ಆಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದೂರ ನಿಂತು ಉಸಿರೆಳೆದುಕೊಳ್ಳುತ್ತಾರೆ. ಭರಣಿಯ ಮೇಲೆ ಧೂಳು ಕಂಡರೂ ಕೈ ಬಿಚ್ಚುವುದಿಲ್ಲ.