ಹೋಟೆಲ್ ಗೋಡೆಯ ಚಂದ್ರಿಕೆ

ದೆವ್ವ, ಶಕುನ, ಕಣಿ ಅಂತ ಯಾರಾದರೂ ಮಾತು ತೆಗೆದರೆ ಎದ್ದು ನನ್ನ ಕೆಲಸ ನೋಡಿಕೊಳ್ಳುವವಳು ನಾನು. ಸತ್ತವರನ್ನು ಕಂಡೆ ಎಂದು ಬಂದವರಿಗೆ "ಏನು ತಿಂದು ಮಲಗಿದ್ದೆ?" ಎಂದು ಮುಖದ ಮೇಲೇ ಕೇಳಿದ್ದೇನೆ. ಈಗ ನೀವು ನನ್ನನ್ನು ಅದೇ ಕೇಳಬಹುದು. ಆ ದಿನ ನಾನು ತಿಂದದ್ದು ಬೆಳಿಗ್ಗೆ ಮನೆಯಲ್ಲಿ ಒಂದು ಮುದ್ದೆ, ಅಷ್ಟೇ.

ನಮ್ಮೂರು ದಿಬ್ಬೂರಹಳ್ಳಿ ಹತ್ತಿರ. ರೇಷ್ಮೆ ಹುಳು ಸಾಕುವ ಮನೆ ನಮ್ಮದು. ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಮೇಲೆ ಹುಳು ಹೊಟ್ಟೆಬಾಕನ ಹಾಗೆ ಸೊಪ್ಪು ತಿನ್ನುತ್ತದೆ. ಹುಳುಮನೆ ಬಾಗಿಲಲ್ಲಿ ನಿಂತರೆ ತುಂತುರು ಮಳೆ ಹಂಚಿನ ಮೇಲೆ ಬಿದ್ದಂತೆ ಸದ್ದು. ಆ ಸಮಯದಲ್ಲಿ ಸಾಕುವ ಹೆಂಗಸು ಊರು ಬಿಟ್ಟು ಹೋಗಬಾರದು ಎಂದು ನನ್ನ ಅತ್ತೆ ಕಟ್ಟು ಮಾಡಿದ್ದರು. ತವರಿನಲ್ಲಿ ಸಾವಾದಾಗಲೂ ಅವರು ಹೋಗಲಿಲ್ಲ. ನಾನೂ ಆ ಕಟ್ಟು ಮುರಿದವಳಲ್ಲ, ಕೆಲವು ವರ್ಷಗಳ ಹಿಂದಿನ ಆ ದಿನದವರೆಗೆ.

ಮಗಳ ಮಗಳು ದಿವ್ಯಾಳ ನಿಶ್ಚಿತಾರ್ಥ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಎಂದಾಯಿತು. ಗಂಡಿನ ಕಡೆಯವರ ಆಸೆ. ಹಿಂದಿನ ದಿನವೇ ಬಂದು ಉಳಿಯಬೇಕಂತೆ. ಹುಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿತ್ತು. ಅದುವರೆಗೆ ಸೊಸೆ ನಾಗರತ್ನಳ ಕೈಗೆ ಒಂದು ಬೆಳೆಯನ್ನೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ನನಗೆ ಅವಳ ಮೇಲೆ ನಂಬಿಕೆ ಇರಲಿಲ್ಲ, ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ.

"ಹೋಗ್ಬನ್ನಿ ಅತ್ತೆ. ನಾನೇನು ಹುಳ ಹುರ್ಕೊಂಡು ತಿಂದ್ಬಿಡ್ತೀನಾ?" ಎಂದಳು. ಹೊರಟೆ.

ಆ ಹೋಟೆಲನ್ನು ಏನೆಂದು ಹೇಳಲಿ. ಬಾಗಿಲಲ್ಲಿ ಆಳೆತ್ತರದ ಕರಿ ಕುದುರೆ, ಅದರ ತಲೆಯ ಮೇಲೆ ದೀಪ. ನಮ್ಮ ಕೋಣೆಯಲ್ಲಿ ಅಂಗೈಯಂಥ ಕೆಂಪು ಕುರ್ಚಿ, ಕೂತರೆ ಯಾರೋ ಎತ್ತಿ ಹಿಡಿದ ಹಾಗೆ. ಮಂಚ ದುಂಡಗೆ, ತಲೆ ಯಾವ ಕಡೆ ಇಡಬೇಕೋ ತಿಳಿಯದು. ಬಚ್ಚಲಿಗೆ ಗಾಜಿನ ಗೋಡೆ.

"ಇದು ಡಿಸೈನ್ ಹೋಟೆಲ್ ಅಜ್ಜಿ. ನೋಡೋಕೇ ಜನ ಬರ್ತಾರೆ" ಎಂದಳು ದಿವ್ಯಾ.

"ನೋಡೋಕಾದ್ರೆ ಸರಿ ಕಣಮ್ಮ. ಸ್ನಾನ ಎಲ್ಲಿ ಮಾಡೋದು?"

ಅವಳು ನಗುತ್ತಾ ಎಲ್ಲರ ಜೊತೆ ಕೆಳಗೆ ಕಾಫಿಗೆ ಹೋದಳು. ನಾನು ಕಾಲು ನೋವೆಂದು ಉಳಿದೆ. ಆಗ ಮಂಚದ ಹಿಂದಿನ ಗೋಡೆ ನೋಡಿದೆ. ಅಲ್ಲಿ ತೂಗುಹಾಕಿದ್ದು ಚಂದ್ರಿಕೆಗಳು! ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರು ತಟ್ಟಿಗಳು. ಅವಕ್ಕೆ ಚಿನ್ನದ ಬಣ್ಣ ಬಳಿದಿದ್ದರು. ನಮ್ಮಲ್ಲಿ ಪ್ಲಾಸ್ಟಿಕ್‌ನವು ಬಂದ ಮೇಲೆ ಹಳೆಯವನ್ನೆಲ್ಲ ಗುಜರಿಯವನು ಒಯ್ದಿದ್ದ. ಇಂಥ ಕಡೆ ಬಂದು ಸೇರುತ್ತವೆ ಎಂದು ನನಗೇನು ಗೊತ್ತು. ಒಂದರ ಅಂಚಿನಲ್ಲಿ ಬಿಟ್ಟುಹೋದ ದಬ್ಬೆಯನ್ನು ಸೀರೆ ಅಂಚಿನಿಂದ ಬಿಗಿದು ಕಟ್ಟಿತ್ತು. ಗಂಟಿನ ತುದಿಯನ್ನು ಒಳಗೆ ಮಡಿಸಿ ಸಿಕ್ಕಿಸಿತ್ತು, ಹುಳುವಿಗೆ ತಾಗದ ಹಾಗೆ. ನನ್ನ ಅತ್ತೆ ಹಾಗೆ ಕಟ್ಟುತ್ತಿದ್ದರು. ಬೇರೆಯವರೂ ಕಟ್ಟಿರಬಹುದು. ನಾನು ಅದಕ್ಕೆ ಏನೂ ಅರ್ಥ ಹಚ್ಚಲಿಲ್ಲ.

ಕೂತೆ, ಎದ್ದೆ, ಕಿಟಕಿಗೆ ಹೋದೆ, ಮತ್ತೆ ಕೂತೆ. ಮನಸ್ಸೆಲ್ಲ ಹುಳುಮನೆಯಲ್ಲಿ. ಸಂಜೆಯ ಸೊಪ್ಪು ಹಾಕುವ ಹೊತ್ತು. ಆಗ ಸದ್ದು ಕೇಳಿಸಿತು. ಹುಳು ಮೇಯುವ ಸದ್ದು.

ಎಸಿ ಇರಬೇಕೆಂದು ದಿವ್ಯಾ ತೋರಿಸಿಕೊಟ್ಟ ಗುಂಡಿ ಒತ್ತಿ ಆರಿಸಿದೆ. ಸದ್ದು ನಿಲ್ಲಲಿಲ್ಲ. ಬಚ್ಚಲ ನಲ್ಲಿ ನೋಡಿದೆ, ಒಣಗಿತ್ತು. ಗೋಡೆಗೆ ಕಿವಿ ಇಟ್ಟೆ. ಗಂಟು ಹಾಕಿದ ಆ ಚಂದ್ರಿಕೆಯಲ್ಲೇ ಸದ್ದು ಜೋರಾಗಿತ್ತು. ಕೈಯಾಡಿಸಿದರೆ ಬರೀ ಬಿದಿರು, ಬಣ್ಣ. ನಾನು ಹಾಗೇ ನಿಂತಿರುವಾಗ ಸದ್ದು ಥಟ್ಟನೆ ನಿಂತಿತು.

ನನಗೆ ಭಯವಾದದ್ದು ಆಗ. ಮೇಯುತ್ತಿರುವ ಹುಳು ಹಾಗೆ ಒಟ್ಟಿಗೆ ಬಾಯಿ ನಿಲ್ಲಿಸುವುದು ಸೊಪ್ಪು ಕೆಟ್ಟಿದ್ದರೆ ಮಾತ್ರ. ನಾಗರತ್ನಳಿಗೆ ಫೋನು ಮಾಡಿದೆ.

"ಹುಳ ಮೇಯ್ತಿದೆಯೇನೇ?"

"ಚೆನ್ನಾಗೇ ಮೇಯ್ತಿದೆ. ಮಧ್ಯಾಹ್ನ ಹಾಕಿದ್ದು ಮುಗೀತಾ ಬಂತು. ಈಗ ಹೊಸ ಸೊಪ್ಪು ಹಾಕಣ ಅಂತ ತಂದಿಟ್ಟಿದ್ದೀನಿ."

"ಯಾವ ತೋಟದ್ದು?"

"ಟೊಮೆಟೊ ತೋಟದ ಪಕ್ಕದ್ದು. ಯಾಕೆ?"

ಪಕ್ಕದವರು ಟೊಮೆಟೊಗೆ ಔಷಧಿ ಹೊಡೆದರೆ ಗಾಳಿಗೆ ನಮ್ಮ ಸೊಪ್ಪಿಗೂ ಬೀಳುತ್ತದೆ. ಒಂದು ಮೇವಿಗೇ ಬೆಳೆಯೆಲ್ಲ ಹೋಗುತ್ತದೆ.

"ಅದನ್ನ ಹಾಕ್ಬೇಡ. ತಿಪ್ಪೆಗೆ ಎಸಿ. ಬಾವಿ ಹತ್ರದ್ದು ಕುಯ್ಕೊಂಡು ಬಾ."

"ಅವ್ರು ಔಷಧಿ ಹೊಡೆದಿದ್ದು ನಾನು ನೋಡಿಲ್ಲ ಅತ್ತೆ. ಕತ್ತಲಾಗ್ತಾ ಬಂತು, ಒಬ್ಬಳೇ ಕುಯ್ದು ಹೊತ್ಕೊಂಡು ಬರಬೇಕು. ಹುಳ ಉಪವಾಸ ಬೀಳ್ತದೆ. ಅಲ್ಲಿ ಕೂತ್ಕೊಂಡು ನಿಮಗೇನು ಕಂಡಿತು?"

ಏನು ಹೇಳುವುದು? ಗೋಡೆ ಸದ್ದು ಮಾಡಿತು ಎನ್ನಲೇ? ಜೀವನದಲ್ಲಿ ಮೊದಲ ಸಲ ಸೊಸೆಯ ಹತ್ತಿರ ಬೇಡಿಕೊಂಡೆ.

"ನನಗೆ ಗೊತ್ತಿಲ್ಲ ಕಣಮ್ಮ. ಇದೊಂದು ಸಲ ನನ್ನ ಮಾತು ಕೇಳು."

ಅವಳು ಬುಟ್ಟಿ ಕುಕ್ಕಿದ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ "ಆಯ್ತು ಬಿಡಿ, ಎಸೀತೀನಿ" ಎಂದು ಫೋನು ಇಟ್ಟಳು. ಅವಳು ಇಟ್ಟದ್ದೇ ತಡ, ಗೋಡೆಯಲ್ಲಿ ಮತ್ತೆ ಸದ್ದು ಶುರುವಾಯಿತು. ಮೆಲ್ಲಗೆ, ಹುಳು ಹೊಸ ಸೊಪ್ಪಿಗೆ ಹತ್ತಿದ ಹಾಗೆ. ನಾನು ಆ ಅಂಗೈ ಕುರ್ಚಿಯಲ್ಲಿ ಬೆವರುತ್ತಾ ಕೂತೆ.

ನಿಶ್ಚಿತಾರ್ಥ ಮುಗಿಸಿ ಮನೆಗೆ ಬಂದೆ. ಹುಳು ಚೆನ್ನಾಗಿತ್ತು. ಗೂಡೂ ಗಟ್ಟಿಯಾಗಿ ಬಂತು. ಎಸೆದ ಸೊಪ್ಪನ್ನು ಎದುರು ಮನೆ ಮೇಕೆ ತಿಂದಿತ್ತಂತೆ. ಮೇಕೆಗೆ ಏನೂ ಆಗಲಿಲ್ಲ. "ನೋಡಿ, ಒಳ್ಳೆ ಸೊಪ್ಪು ಹಾಳು ಮಾಡಿಸಿದ್ರಿ" ಎಂದಳು ನಾಗರತ್ನ. ಆದರೆ ಮೇಕೆ ತಡೆದುಕೊಳ್ಳುವುದನ್ನು ಹುಳು ತಡೆಯುವುದಿಲ್ಲ, ಅದು ಅವಳಿಗೂ ಗೊತ್ತು. ಪಕ್ಕದ ತೋಟದವನನ್ನು ಕೇಳಿದೆ. ಆ ದಿನ ಔಷಧಿ ಹೊಡೆಯಲಿಲ್ಲ ಎಂದ. ಹೊಡೆದೆವು ಎಂದಳು ಅವನ ಹೆಂಡತಿ. ಅಲ್ಲೇ ಇಬ್ಬರಿಗೂ ಜಗಳ ಹತ್ತಿತು, ನಾನು ಎದ್ದು ಬಂದೆ.

ಮುಂದಿನ ಬೆಳೆಯಿಂದ ಹುಳುಮನೆ ನಾಗರತ್ನಳದ್ದೇ. ಆ ಸಂಜೆ ಕಾರಣ ಕೇಳಿಯೂ ಸಿಗದೆ, ಕತ್ತಲಲ್ಲಿ ಒಬ್ಬಳೇ ಬಾವಿ ತೋಟಕ್ಕೆ ಹೋದವಳಿಗೆ ಬೇರೇನು ಪರೀಕ್ಷೆ ಬೇಕು? ಗೋಡೆಯ ವಿಷಯ ಮಾತ್ರ ಅವಳಿಗೆ ಇವತ್ತಿಗೂ ಹೇಳಿಲ್ಲ.

ಮುದುಕಿ, ಕಿವಿ ಕೆಟ್ಟಿದೆ, ಚಿಂತೆಯಲ್ಲಿ ಏನೋ ಕೇಳಿಸಿತು ಎಂದು ನಾನೇ ನನ್ನನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ಸಂಜೆ ಕಾಫಿ ಮುಗಿಸಿ ಬಂದ ದಿವ್ಯಾ ಕೋಣೆಯ ಬಾಗಿಲು ತೆಗೆದು ಹೊಸಿಲಲ್ಲೇ ನಿಂತಳು.

"ಹೊರಗೆ ಮಳೆನಾ ಅಜ್ಜಿ?" ಎಂದು ಕೇಳಿ, ಒಳಗೆ ಬಂದು ಕಿಟಕಿಯ ಪರದೆ ಸರಿಸಿದಳು. ಕೆಳಗೆ ರಸ್ತೆ ಒಣಗಿಕೊಂಡು ಬಿದ್ದಿತ್ತು.